ಅವ್ವನ ಕೈಯಳತೆ

ಚಿತ್ರ ಕಲಿಯುತ್ತಿದ್ದ ಕಾಲದಲ್ಲಿ ನಾನು ಬರೆದ ಮನುಷ್ಯರಿಗೆಲ್ಲ ತಲೆ ದೊಡ್ಡದು, ಕಾಲು ಗಿಡ್ಡ. ದೊಡ್ಡ ತಲೆಯಲ್ಲಿ ಬುದ್ಧಿ ಹೆಚ್ಚಿರುತ್ತದೆ ಎಂದು ವಾದಿಸಿ ನೋಡಿದೆ, ಯಾರೂ ಒಪ್ಪಲಿಲ್ಲ. ಇದಕ್ಕೆ ಮದ್ದು ಸಿಕ್ಕಿದ್ದು ತೊಂಬತ್ತರ ದಶಕದ ದಾಂಡೇಲಿಯಲ್ಲಿ, ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಖಾದರ್ ಚಾಚಾ ಅವರ ಬಳಿ. ಕಾಲೇಜು ಮುಗಿಸಿ ನಮ್ಮೂರು ಹಳಿಯಾಳದ ಬಸ್ಸು ಹಿಡಿಯುವ ಮುನ್ನ ಒಂದು ತಾಸು ಅಲ್ಲಿ ಕೂರುತ್ತಿದ್ದೆ. ಬಣ್ಣಕ್ಕೆ ಬೆರೆಸುವ ಟರ್ಪಂಟೈನಿನ ಆ ವಾಸನೆ ಎಲ್ಲಾದರೂ ಸುಳಿದರೆ ಈಗಲೂ ಕಾಲು ತಾನಾಗಿ ನಿಲ್ಲುತ್ತದೆ.

"ಕಣ್ಣ ನಂಬಬ್ಯಾಡ, ಪೆನ್ಸಿಲ್ ನಂಬು," ಎನ್ನುತ್ತಿದ್ದರು ಚಾಚಾ. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಎದುರಿನವರ ತಲೆಯನ್ನು ಪೆನ್ಸಿಲಿನಲ್ಲಿ ಅಳೆಯಬೇಕು. ಅಂಥ ಏಳೂವರೆ ತಲೆ ಸೇರಿದರೆ ಒಬ್ಬ ಮನುಷ್ಯ. ನನಗೆ ಅದೇ ಹುಚ್ಚು ಹಿಡಿಯಿತು. ಒಮ್ಮೆ ರಸ್ತೆಯಾಚೆ ನಿಂತಿದ್ದ ಬಿದಿರು ಲಾರಿಯ ಡ್ರೈವರನನ್ನು ಅಳೆಯುತ್ತಿದ್ದಾಗ, ಕೈ ಮಾಡಿದೆನೆಂದು ತಿಳಿದು ಜೋಯಿಡಾ ಬಸ್ಸೇ ನಿಂತುಬಿಟ್ಟಿತು. "ಹತ್ರಿ ಲಗೂನ!" ಎಂದ ಕಂಡಕ್ಟರ್. ನಿಜ ಹೇಳಲು ನಾಚಿಕೆಯಾಗಿ ಸುಮ್ಮನೆ ಹತ್ತಿದೆ, ಮುಂದಿನ ಸ್ಟಾಪಿನಲ್ಲಿ ಇಳಿದು ತಿರುಗಿ ನಡೆದು ಬಂದೆ.

ನೆರಳಿನದು ಬೇರೆಯೇ ಕಥೆ. ನಾನು ಮುಖದ ಎರಡೂ ಬದಿಗೆ ಸಮನಾಗಿ ಕಪ್ಪು ತಿಕ್ಕುತ್ತಿದ್ದೆ, ಯಾವ ಕೆನ್ನೆಗೂ ಅನ್ಯಾಯವಾಗಬಾರದೆಂದು. "ಅರೆ, ಬೆಳಕ ಯಾವ ಕಿಡಕ್ಯಾಗಿಂದ ಬಂತು? ಮೊದಲ ಅದನ್ನ ಗೊತ್ತ ಮಾಡ್ಕೋ," ಎಂದು ಚಾಚಾ ನಗುತ್ತಿದ್ದರು.

ಇಷ್ಟೆಲ್ಲ ಕಲಿತದ್ದು ಅವ್ವನಿಗಾಗಿ. ಕಂಡವರ ಹೊಲದಲ್ಲಿ ಕಬ್ಬು ಕಡಿದು ನನ್ನನ್ನು ಓದಿಸಿದ ಅವಳದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅವಳು ಅವಳೇ ಆಗಿ ಕಾಣುವ ಒಂದು ಚಿತ್ರ ಬರೆಯಬೇಕೆಂಬುದು ನನ್ನ ಹಟ. ಕಿಟಕಿಯ ಬಳಿ ಕೂರಿಸಿ ಪೆನ್ಸಿಲಿನಲ್ಲಿ ಬರೆದು ಚಾಚಾ ಅವರಿಗೆ ತೋರಿಸಿದೆ. "ಮಾರಿ ಚಲೋ ಬಂದೈತಿ. ಕೈ ದೊಡ್ಡದಾತು. ಗದ್ದದಿಂದ ಹಣಿ ತನಕ, ಅಷ್ಟ ಇರ್ಬೇಕು," ಎಂದರು. ಹಳೆಯ ಶಿಲ್ಪಿಗಳ ಲೆಕ್ಕವೂ ಇದೇ. ತಾಳವೆಂಬುದು ಅವರ ಅಳತೆ; ಮುಖ ಒಂದು ತಾಳ, ಬೆರಳು ಸೇರಿ ಅಂಗೈಯೂ ಒಂದು ತಾಳ. ದೇವರಿಗೆ ಎಷ್ಟು ತಾಳ, ಕುಳ್ಳರಿಗೆ ಎಷ್ಟು ಎಂದು ಬರೆದಿಟ್ಟ ಆ ಮಹನೀಯರು ಕಬ್ಬು ಕಡಿಯುವವರ ವಿಷಯ ಮಾತ್ರ ಮರೆತರು. ನಾನು ಕೈಗಳನ್ನು ಅಳಿಸಿ, ಸಣ್ಣದಾಗಿ ಬರೆದು, ಬಣ್ಣ ತುಂಬಿದೆ.

ಅವ್ವ ಬಹಳ ಹೊತ್ತು ನೋಡಿದಳು. ಮೊದಲು ಕೆನ್ನೆಯ ನೆರಳಿನ ತಕರಾರು: "ಮಾರಿಗೆ ಮಸಿ ಯಾಕ ಹಚ್ಚೀಯೋ?" ಆಮೇಲೆ ಮೆಲ್ಲಗೆ, "ಮಾರಿ ನಂದ ಐತಿ. ಈ ಕೈ ಯಾರವು?" ಎಂದು ತನ್ನ ಅಂಗೈಯನ್ನು ಮುಖದ ಮೇಲಿಟ್ಟು ತೋರಿಸಿದಳು. ಗದ್ದ, ಕೆನ್ನೆ, ಹಣೆ ಎಲ್ಲ ಆ ಅಗಲ ಕೈಯ ಹಿಂದೆ ಮುಚ್ಚಿಹೋದವು. ದಿನಾ ಆ ಕೈಯ ರೊಟ್ಟಿ ತಿಂದವನು ನಾನು.

ಮರುದಿನ ಹೇಳಿದಾಗ ಚಾಚಾ ಕುಂಚ ಕೆಳಗಿಟ್ಟರು. "ಅವರನ್ನ ನೋಡದ ಹೇಳಿದ್ನಲ್ಲೋ, ತಪ್ಪು ನಂದ. ಹೋಗು, ದೊಡ್ಡವ ಮಾಡು."

ಮಾಡಿದೆ. ಈಗ ಇಬ್ಬರೂ ಇಲ್ಲ. ಚಿತ್ರ ಗೋಡೆಯ ಮೇಲಿದೆ. ಕಲೆ ಬಲ್ಲವರು ಬಂದರೆ ಕೈಯಳತೆ ತಪ್ಪಿದೆ ಎನ್ನುತ್ತಾರೆ. ನಾನು ವಾದಕ್ಕಿಳಿಯದೆ ಚಹಾ ಕೊಟ್ಟು ಕಳಿಸುತ್ತೇನೆ. ಅವರು ಹೋದ ಮೇಲೆ ನನ್ನ ಅಂಗೈಯನ್ನು ಮುಖದ ಮೇಲಿಟ್ಟು ನೋಡಿಕೊಳ್ಳುತ್ತೇನೆ. ಗದ್ದದಿಂದ ಹಣೆಯವರೆಗೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಇದು ಹೀಗೆ ಅಳತೆಗೆ ಸರಿಯಾಗಿ ಉಳಿಯಲೆಂದೇ ಅವ್ವ ತನ್ನದನ್ನು ದೊಡ್ಡದು ಮಾಡಿಕೊಂಡಳು.