ಸೀಟಿಗೆ ಎಸೆದ ಮೊಣಕಾಲು

ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರೆ, ನಾನು ಮೊಣಕಾಲು ಎಸೆಯುತ್ತಿದ್ದೆ. ಡಾಕ್ಟರುಗಳಿಗೆ ತೋರಿಸಲು ಕಂಪನಿ ಕೊಟ್ಟಿದ್ದ ಕೃತಕ ಕೀಲಿನ ಮಾದರಿ ಅದು. ಹೆದರಿ ಯಾರೂ ಹತ್ತಿರ ಬರುತ್ತಿರಲಿಲ್ಲ, ನಂಬಿ.

ಒಂದು ದಿನ ನಾನು ಬಸ್ ಹತ್ತುವಷ್ಟರಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಅದನ್ನು ಮಡಚಿ ನೋಡುತ್ತಿದ್ದರು.

"ಫ್ಯಾಕ್ಟರಿಲಿ ಮೂವತ್ತು ವರ್ಷ ಬೇರಿಂಗ್ ಕೂರಿಸಿದೀನಿ. ಈ ಪ್ಲಾಸ್ಟಿಕ್ ಬಿಲ್ಲೆ ಸಡಿಲ ಇದೆಯಲ್ಲ ಮಾರಾಯ."

"ಸಡಿಲ ಅಲ್ಲ ಯಜಮಾನ್ರೇ. ಕಾಲು ತಿರುಗಿದ ಕಡೆ ಅದೂ ಚೂರು ತಿರುಗಲಿ ಅಂತ ಹಾಗೆ ಮಾಡಿರೋದು."

ಅವರು ಮೆಚ್ಚಿ ತಲೆದೂಗಿದರು. "ಹೆಂಡ್ತಿ ಜೊತೆ ನೆಲದ ಮೇಲೆ ಕೂತು ಚೌಕಾಬಾರ ಆಡಿ ನಾಲ್ಕು ವರ್ಷ ಆಯ್ತು. ಇದು ಹಾಕಿಸಿದ್ರೆ ಕೂರ್ತಾಳಾ?"

ಸುಳ್ಳು ಯಾವಾಗಲೂ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅವತ್ತು ಬರಲಿಲ್ಲ.

"ಆರಾಮಾಗಿ ನಡೀತಾರೆ. ನೆಲದ ಮೇಲೆ ಮಾತ್ರ ಕೂರಬಾರದು."

ಶಿವಮೊಗ್ಗದವರೆಗೂ ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂಚೂರು ಮಡಚಬಹುದೇನೋ ಎಂದು ಒತ್ತುತ್ತಲೇ ಇದ್ದರು. ಇಳಿಯುವಾಗ ನನ್ನ ಕೈಗಿಟ್ಟು, "ಮೇಜಿನ ಮೇಲೂ ಆಡಬಹುದು. ಆದ್ರೆ ಕವಡೆ ಕೆಳಗೆ ಬಿದ್ರೆ ಬಗ್ಗೋರು ಯಾರು?" ಅಂದರು.

ಅಲ್ಲಿಂದೀಚೆ ನಾನೂ ಟವೆಲ್ಲನ್ನೇ ಎಸೆಯುತ್ತೇನೆ. ಅದನ್ನು ಎಷ್ಟು ಮಡಚಬಹುದು ಎಂದು ಯಾರೂ ಕೇಳುವುದಿಲ್ಲ.