ಸತ್ತ ಅಕ್ಕನ ಮದುವೆ, ಬದುಕಿದ ತಂಗಿಯ ಅಳು

ಕಳೆದ ಭಾನುವಾರ ಮದುವೆಯೂಟ ಉಂಡು ಬಂದೆ. ಮದುಮಗನೂ ಸತ್ತವನು, ಮದುಮಗಳೂ ಸತ್ತವಳು.

ಗಾಬರಿಯಾಗಬೇಡಿ. ಘಟ್ಟದ ಮೇಲಿನ ಓದುಗರಿಗೆ (ಈಗ ನಾವೆಲ್ಲ ಒಂದೇ ರಾಜ್ಯದವರು ತಾನೆ!) ಇದು ಹೊಸದಿರಬಹುದು, ನಮ್ಮ ಬಂಟ್ವಾಳ, ಬೆಳ್ತಂಗಡಿ ಕಡೆಯವರಿಗೆ ಹೊಸದಲ್ಲ. ತೀರಿಹೋದ ಮಕ್ಕಳಿಗೂ ಮದುವೆಯ ವಯಸ್ಸು ಬರುತ್ತದೆ ಅಂತ ನಮ್ಮವರ ನಂಬಿಕೆ. ಮನೆಯಲ್ಲಿ ತೊಂದರೆ ಶುರುವಾದರೆ, ಇನ್ನೊಂದು ಮನೆಯ ತೀರಿಹೋದ ಹುಡುಗನನ್ನು ಹುಡುಕಿ ಪ್ರೇತಮದುವೆ ಮಾಡಿಸುತ್ತಾರೆ. ಸೀರೆ, ಕರಿಮಣಿ, ಊಟ, ಎಲ್ಲ ಉಂಟು. ಅದರ ಬಗ್ಗೆ ನನ್ನ ತಕರಾರಿಲ್ಲ. ಮಗು ಕಳಕೊಂಡ ತಾಯಿಗೆ ಅಷ್ಟಾದರೂ ಸಮಾಧಾನ ಬೇಡವೇ?

ಈ ಮದುವೆ ನಡೆದದ್ದು ವಾಮದಪದವಿನ ಹತ್ತಿರ, ನನ್ನ ದೊಡ್ಡಮ್ಮನ ಮಗಳು ಲೀಲಕ್ಕನ ಮನೆಯಲ್ಲಿ. (ಹೆಸರುಗಳನ್ನು ಬದಲಿಸಿದ್ದೇನೆ. ಆದರೂ ನಂಟರು ಮುನಿಸಿಕೊಳ್ಳುತ್ತಾರೆ. ಕೊಳ್ಳಲಿ.) ಅವಳ ಮೊದಲ ಮಗಳು ಕಮಲ ತೊಟ್ಟಿಲಲ್ಲೇ ಜ್ವರ ಬಂದು ಹೋದಳು. ಎರಡನೆಯವಳು ಸುಮತಿ, ಈಗ ಇಪ್ಪತ್ತೆರಡು. ಒಂದು ವರ್ಷದಿಂದ ಸುಮತಿ ಇದ್ದಕ್ಕಿದ್ದಂತೆ ಚಿಕ್ಕ ಮಗುವಿನ ಸ್ವರದಲ್ಲಿ ಮಾತಾಡುತ್ತಾಳೆ, ಮೂಲೆ ಸೇರಿ ಅಳುತ್ತಾಳೆ. ಆಮೇಲೆ ಕೇಳಿದರೆ ಏನೂ ನೆನಪಿಲ್ಲ. ಜೋಯಿಸರು ಕವಡೆ ಹಾಕಿದರು. ಬರುತ್ತಿರುವವಳು ಕಮಲ, ಅವಳಿಗೆ ಮದುವೆಯಾಗಬೇಕಂತೆ! ಪುತ್ತಿಗೆಯ ಕಡೆಯಿಂದ ವರ ಸಿಕ್ಕಿದ.

ನಾನು ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಅಂತ ಈ ಅಂಕಣ ಓದುವ ನಿಮಗೆ ಗೊತ್ತಲ್ಲ. ಸುದ್ದಿ ಕೇಳಿದಾಗಲೇ ನನಗೆ ಸಂಶಯ ಬಂತು. ನಮ್ಮ ವಾರ್ಡಿನಲ್ಲಿ ಇಂಥ ಒಬ್ಬಳನ್ನು ನೋಡಿದ್ದೇನೆ. ಒಂದೇ ಮೈಯಲ್ಲಿ ಎರಡು ಮೂರು ಜನ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ತಡೆಯಲಾರದ್ದು ನಡೆದರೆ, ಕೆಲವರ ಮನಸ್ಸು ಅದನ್ನು ತನ್ನಿಂದ ಕಡಿದು ಬೇರೆಯೇ ಒಬ್ಬರನ್ನಾಗಿ ಮಾಡಿ ಇಡುತ್ತದಂತೆ. ಡಾಕ್ಟರು ಹೇಳಿದ್ದು. (ನಮ್ಮ ಸ್ಟಾಫಿನಲ್ಲೂ ಅರ್ಧ ಜನ ಇದನ್ನು ಆ್ಯಕ್ಟಿಂಗ್ ಅನ್ನುತ್ತಾರೆ. ಇರಲಿ.)

ಧಾರೆಗೆ ಸ್ವಲ್ಪ ಮೊದಲು ಕನ್ಯಾನದಿಂದ ಸುಮತಿಯ ಸೋದರಮಾವ ಬಂದರು. ಅಳಿಯಸಂತಾನದ ಮನೆ (ವಂಶ, ಆಸ್ತಿ ಎಲ್ಲ ತಾಯಿಯ ಕಡೆಯಿಂದ), ಅವರೇ ಯಜಮಾನರು, ಧಾರೆ ಎರೆಯಬೇಕಾದವರೂ ಅವರೇ. ಅಂಗಳದಲ್ಲಿ ಅವರ ಸ್ವರ ಕೇಳಿದ್ದೇ ತಡ, ಹೂ ಕಟ್ಟುತ್ತಿದ್ದ ಸುಮತಿ ನನ್ನ ಬೆನ್ನ ಹಿಂದೆ ಅಡಗಿದಳು. ನೋಟವೇ ಬೇರೆ, ಸ್ವರವೇ ಬೇರೆ.

"ಮದುಮಗಳು ಬಂದ್ಲು ನೋಡಿ! ಎಂಥ ನಾಚಿಕೆ!" ಹೆಂಗಸರು ನಕ್ಕರು.

ನಾನು ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದೆ. ಈವರೆಗೆ ಎಲ್ಲರೂ "ನಿನಗೇನು ಬೇಕು" ಅಂತ ಕೈಮುಗಿದು ಕೇಳಿದವರೇ. ಹೆಸರು ಕೇಳಿದವರಿಲ್ಲ. ಹೆಸರನ್ನು ಅವರೇ ಇಟ್ಟಾಗಿತ್ತಲ್ಲ!

"ನಿನ್ನ ಹೆಸರೇನು ಮಗಾ?" ಅಂದೆ.

"ಸುಮತಿ."

"ಎಷ್ಟನೇ ಕ್ಲಾಸು?"

"ಎರಡು. ಮಾವನ ಮನೆಯಿಂದ ಹೋಗುದು. ನೀವು ಯಾರು? ನಾನು ಇಲ್ಲಿದ್ದೇನೆ ಅಂತ ಮಾವನಿಗೆ ಹೇಳ್ಬೇಡಿ, ಆಯ್ತಾ? ಅವ್ರು ಬಾಗಿಲು ಹಾಕ್ತಾರೆ."

ತೊಟ್ಟಿಲಲ್ಲಿ ತೀರಿಹೋದ ಕಮಲ ಯಾವ ಶಾಲೆಗೆ ಹೋಗಿದ್ದಳು ಸ್ವಾಮಿ? ಕನ್ಯಾನದಲ್ಲಿ ಮಾವನ ಮನೆಯಲ್ಲಿದ್ದು ಓದಿದವಳು ಸುಮತಿ. ಕಾಯಿಲೆ ಇಂಥದ್ದೇ ಎಂದು ಹೇಳಬೇಕಾದವರು ಡಾಕ್ಟರು, ನಾನಲ್ಲ. ಆದರೆ ಹೆದರಿದ ಮಗುವನ್ನು ಗುರುತಿಸಲಿಕ್ಕೂ ಡಾಕ್ಟರಾಗಬೇಕೇ?

ಮಾವ ಧಾರೆ ಎರೆದರು. ಊಟ ಮುಗಿಸಿ, ಎಲೆಯಡಿಕೆ ಹಾಕುತ್ತಾ ತೀರ್ಪು ಕೊಟ್ಟರು: "ಇನ್ನು ಎಲ್ಲ ಸರಿಯಾಗ್ತದೆ. ಸುಮತಿ ಸ್ವಲ್ಪ ದಿನ ಕನ್ಯಾನದಲ್ಲಿ ಇರ್ಲಿ. ಹವಾ ಬದಲಾಗ್ತದೆ."

ಕೂಡಲೇ ನಾನು ಎದ್ದೆ. ಲೀಲಕ್ಕನನ್ನು ಬಾವಿಕಟ್ಟೆಯ ಹತ್ತಿರ ಎಳೆದುಕೊಂಡು ಹೋಗಿ, ಮಗು ಹೇಳಿದ್ದನ್ನೆಲ್ಲ ಹೇಳಿದೆ. "ಅಲ್ಲಿಗೆ ಬೇಡ ಅಕ್ಕಾ. ನನ್ನ ಒಟ್ಟಿಗೆ ಆಸ್ಪತ್ರೆಗೆ ಕಳಿಸು" ಅಂದೆ.

ಲೀಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದೆಲ್ಲ ಬಿಡು ಮಾರಾಯ್ತಿ. ಸುಮತಿ ಸಣ್ಣದಿರುವಾಗ್ಲೂ ಹೀಗೇ. ರಜೆ ಮುಗಿದು ಕನ್ಯಾನಕ್ಕೆ ಹೊರಡುವಾಗ ಇದೇ ಸ್ವರದಲ್ಲಿ ಕೂಗ್ತಿತ್ತು. ಇದೇ ಮಾತು. ಆಮೇಲೆ ಸುಮ್ಮನಾಯ್ತು."

ಅಷ್ಟು ಹೇಳಿ ಅವಳು ಒಳಗೆ ನಡೆದಳು.

ಬರುವ ಬುಧವಾರ ಸುಮತಿಯನ್ನು ಕಳಿಸುವುದಂತೆ. ಅದಕ್ಕೂ ಮೊದಲು ನಾನು ರಜೆ ಹಾಕಿ ವಾಮದಪದವಿಗೆ ಹೋಗುತ್ತೇನೆ. ಅವಳನ್ನು ಕನ್ಯಾನದ ಬಸ್ಸಿಗೆ ಯಾರು ಹತ್ತಿಸುತ್ತಾರೋ ನೋಡುವ! ಹೋದ ಮೇಲೆ ಅಕ್ಕನನ್ನು ಒಂದೇ ಒಂದು ಮಾತು ಕೇಳುವುದಿದೆ.

ಹಾಗಾದರೆ ಲೀಲಕ್ಕಾ, ಬಂದವಳು ಕಮಲ ಅಲ್ಲ ಅಂತ ನಿನಗೆ ಮೊದಲ ದಿನವೇ ಗೊತ್ತಿತ್ತಲ್ಲ?