‘ಆತೆ’ ಎಂದವನಿಗೆ ಬಾಗಿಲು ಹಾಕಿದ ದಿನ

ನಾನು ಚಿಕ್ಕವನಿದ್ದಾಗ ನನ್ನ ಬಾಯಲ್ಲಿ ನನ್ನ ದನಿ ಇರುತ್ತಿದ್ದುದೇ ಅಪರೂಪ. ಬೆಳಿಗ್ಗೆ ಅಪ್ಪನ ಆಕಳಿಕೆ, ಮಧ್ಯಾಹ್ನ ನಮ್ಮ ಟೀಚರ್, ಸಂಜೆ ರೈಲಿನ ಬಾಗಿಲು ಮುಚ್ಚುವಾಗಿನ ‘ಟೂಂ ಟೂಂ’. ಅಣಕಿಸಲು ಯಾರೂ ಸಿಗದಿದ್ದರೆ ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸುತ್ತಿದ್ದೆ. ಮುಂದಿನ ಹಲ್ಲು ಬಿದ್ದಿತ್ತು. ‘ಸ’ ಎನ್ನಲು ಹೋದರೆ ಬರೀ ಗಾಳಿ ಬರುತ್ತಿತ್ತು. ಒಳ್ಳೇ ಸರಕು!

ಆಗ ನಾವು ಸಿಂಗಾಪುರದ ಪುಂಗೋಲ್‌ನಲ್ಲಿದ್ದೆವು. ಎಲ್ಲಿ ನೋಡಿದರೂ ಕ್ರೇನು, ಹೊಸ ಸಿಮೆಂಟಿನ ವಾಸನೆ. ಪಕ್ಕದ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಫಿಲಿಪೀನ್ಸ್‌ನ ಅಂಕಲ್ ಒಬ್ಬರು ಬಾಡಿಗೆಗಿದ್ದರು. ಹಗಲು ಟುವಾಸ್‌ನಲ್ಲಿ ಹಡಗುಗಳಿಗೆ ಬಣ್ಣ ಬಳಿಯುವ ಕೆಲಸ, ಸಂಜೆ ಚಿತ್ರ. ‘ನಾನು ಪೇಂಟರ್’ ಎಂದಿದ್ದಕ್ಕೆ ಅಪ್ಪ, ‘ದೀಪಾವಳಿಗೆ ನಮ್ಮ ಕಿಚನ್ ಪೇಂಟ್ ಮಾಡಿ ಕೊಡ್ತೀರಾ?’ ಎಂದು ಕೇಳಿಬಿಟ್ಟಿದ್ದ. ಅವರು ನಗುತ್ತಲೇ ಗೋಡೆ ಬಳಿದು, ಮೂಲೆಯಲ್ಲೊಂದು ಪುಟ್ಟ ಮೀನು ಬರೆದುಹೋಗಿದ್ದರು.

ಅವರಿಗೆ ಚಿತ್ರಕಲೆಯನ್ನು ಯಾರೂ ಕಲಿಸಿರಲಿಲ್ಲ. ಅವರ ಅಕ್ಕ ಸಂತೆಯಲ್ಲಿ ಮೀನು ಮಾರುತ್ತಿದ್ದಳಂತೆ. ಬರುವಾಗ ರಟ್ಟಿನ ಪೆಟ್ಟಿಗೆಗಳನ್ನು ತಂದು, ಬಿಡಿಸಿ, ಬಿಸಿಲಿಗೆ ಒಣಗಿಸಿ ತಮ್ಮನಿಗೆ ಕೊಡುತ್ತಿದ್ದಳಂತೆ. ಮೀನಿನ ವಾಸನೆಯ ಆ ರಟ್ಟಿನ ಮೇಲೆ ಒಲೆಯ ಇದ್ದಿಲಿನಿಂದ ಬರೆದೂ ಬರೆದೂ ಕೈ ಪಳಗಿತು. ಆಮೇಲೆ ಜೀಪುಗಳ ಮೈಮೇಲೆ ಕುದುರೆ ಬರೆದರು, ಸಿನಿಮಾ ಬೋರ್ಡು ಬರೆದರು, ಕೊನೆಗೆ ಹಡಗು. ‘ತುಂಬಾ ದೊಡ್ಡ ಕ್ಯಾನ್ವಾಸು, ಆದರೆ ಒಂದೇ ಬಣ್ಣ ಲಾ!’ ಎಂದು ಸಿಂಗಾಪುರದವರಂತೆ ಬಾಲ ಸೇರಿಸುತ್ತಿದ್ದರು. ಭಾನುವಾರ ನಮ್ಮ ಕಟ್ಟಡದ ಕೆಳಗೆ ‘ವಾಯ್ಡ್ ಡೆಕ್’ ಎನ್ನುವ ಖಾಲಿ ಪಡಸಾಲೆಯಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡುತ್ತಿದ್ದರು. ಆ ಫೋನನ್ನೂ ನಾನು ಅಣಕಿಸದೆ ಬಿಟ್ಟಿರಲಿಲ್ಲ.

ಅಮ್ಮ ಜೋಳದ ರೊಟ್ಟಿ ಬಡಿಯುವ ತಟತಟ ಸದ್ದು ಕಾರಿಡಾರಿನವರೆಗೂ ಕೇಳಿಸುತ್ತಿತ್ತು. ಅದನ್ನು ಕೇಳಿಯೇ ಅವರು ಒಂದು ದಿನ ಬಂದು, ‘ನೀವು ರೊಟ್ಟಿ ಬಡಿಯೋದನ್ನು ಬರೆಯಲೇ?’ ಎಂದರು. ಅವರ ಕೋಣೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಆ ದೊಡ್ಡ ಚಿತ್ರ ನಮ್ಮ ಹಾಲ್‌ನಲ್ಲೇ, ಗೋಡೆಗೆ ಮುಖ ಮಾಡಿ, ಹಳೆಯ ಬೆಡ್‌ಶೀಟ್ ಹೊದ್ದು ಒಣಗುತ್ತಿತ್ತು. ಮುಗಿಯುವ ತನಕ ಯಾರೂ ನೋಡುವಂತಿಲ್ಲ. ಒಮ್ಮೆ ಇಣುಕಲು ಹೋದ ನನಗೆ ಅಮ್ಮನ ಲಟ್ಟಣಿಗೆಯ ದರ್ಶನವಾಗಿತ್ತು.

ಆ ಶನಿವಾರ ಅವರ ಬದುಕಿನ ಮೊದಲ ಪ್ರದರ್ಶನ. ತಂಜಾಂಗ್ ಪಗಾರ್‌ನ ಒಂದು ಗ್ಯಾಲರಿಯಲ್ಲಿ ಅವರಿಗೂ ಒಂದು ಗೋಡೆ ಸಿಕ್ಕಿತ್ತು. ಮಧ್ಯಾಹ್ನದೊಳಗೆ ಚಿತ್ರ ತಲುಪದಿದ್ದರೆ ಆ ಗೋಡೆ ಬೇರೆಯವರ ಪಾಲು. ಹಿಂದಿನ ದಿನವಷ್ಟೇ ಅಮ್ಮ ಅವರಿಗೆ, ‘ನಾನೇನು ಅಷ್ಟು ವಯಸ್ಸಾದವಳಾ? ಆಂಟಿ ಅನ್ಬೇಡಿ, ಬೇರೆ ಏನಾದ್ರೂ ಕರೀರಿ’ ಎಂದಿದ್ದಳು.

ಬೆಳಿಗ್ಗೆ ಬೆಲ್ ಆಯಿತು. ಮುಖದ ತುಂಬ ಶೇವಿಂಗ್ ನೊರೆ ಮೆತ್ತಿಕೊಂಡಿದ್ದ ಅಪ್ಪ ಬಾಗಿಲು ತೆಗೆದ. ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟ ಅಂಕಲ್ ಅಪ್ಪನ ಭುಜದಾಚೆ ಇಣುಕಿ ಕೂಗಿದರು: ‘ಆತೆ! ಷೀ ಈಸ್ ರೆಡಿ? ಟುಡೇ ಐ ಟೇಕ್ ಹರ್!’

ಸರಿಯಾಗಿ ಅದೇ ಹೊತ್ತಿಗೆ ಡ್ಯಾನ್ಸ್ ಕ್ಲಾಸಿಗೆ ಹೊರಟಿದ್ದ ನನ್ನ ಅಕ್ಕ ಹೊಸ ಚೂಡಿದಾರ್ ತೊಟ್ಟು ಕೋಣೆಯಿಂದ ಹೊರಬಂದು, ‘ಅಮ್ಮಾ, ನಾನು ರೆಡಿ!’ ಎಂದಳು.

ಅಪ್ಪನ ಕೈಯ ರೇಜರ್ ಟಪ್ಪೆಂದು ನೆಲಕ್ಕೆ ಬಿತ್ತು. ಒಬ್ಬ ಗಂಡಸು ಬಂದು ಹೆಂಡತಿಯನ್ನು ಅತ್ತೆ ಎನ್ನುತ್ತಾನೆಂದರೆ ಅವನ ಕಣ್ಣು ಮಗಳ ಮೇಲಿದೆ ಎಂದೇ ಅರ್ಥ! ಊರವರ ಮುಂದೆ ಬೆಂಗಳೂರು ಕನ್ನಡವಾಡುವ ಅಪ್ಪ ಗಾಬರಿಯಾದರೆ ನೇರ ಧಾರವಾಡದಲ್ಲಿ ಇಳಿಯುತ್ತಿದ್ದ.

‘ಏನಂದಾ ಇಂವಾ? ನಿನಗ ಅತ್ತಿ ಅಂದಾ? ಕರ್ಕೊಂಡ್ ಬ್ಯಾರೆ ಹೊಂಟಾನು!’

‘ಯಾರನ್ನ?’ ಎಂದಳು ಅಕ್ಕ.

ಧಡ್! ಬಾಗಿಲು ಮುಚ್ಚಿತು. ಅಮ್ಮ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಅಲುಗಲಿಲ್ಲ. ನನ್ನ ಬಾಯಿ ತೆರೆದೇ ಇತ್ತು. ಯಾರ ದನಿಯೂ ಬರಲಿಲ್ಲ. ಹೊರಗಿನಿಂದ ಅಂಕಲ್ ಅಳುವ ದನಿಯಲ್ಲಿ ಕೂಗುತ್ತಿದ್ದರು: ‘ಸರ್! ಪ್ಲೀಸ್ ಸರ್, ನೋ ಟೈಮ್! ಐ ಕ್ಯಾರಿ ಹರ್ ವೆರಿ ಕೇರ್‌ಫುಲ್ಲಿ!’

‘ಹೊತ್ಕೊಂಡ್ ಹೊಕ್ಕಾನಂತ!’ ಅಪ್ಪ ಸೋಫಾದ ಮೇಲೆ ಕುಸಿದ.

ನಾನು ಬಾಚಣಿಗೆಯನ್ನು ಕಿವಿಗಿಟ್ಟುಕೊಂಡು, ಕುತ್ತಿಗೆ ವಾಲಿಸಿ, ಭಾನುವಾರದ ಅಂಕಲ್ ಆಗಿಬಿಟ್ಟೆ. ‘ಹಲೋ ಆತೆ! ಆತೆ, ಆತೆ, ಆತೆ!’

‘ಇದನ್ನೆಲ್ಲಿ ಕಲ್ತಿ?’ ಎಂದ ಅಪ್ಪ.

‘ಅಂಕಲ್ ಅವರಕ್ಕನ ಹತ್ರ ಮಾತಾಡೋದು ಹೀಗೇ. ಅವರ ಭಾಷೇಲಿ ಆತೆ ಅಂದ್ರೆ ಅಕ್ಕ.’

‘ಮತ್ತ ಕರ್ಕೊಂಡ್ ಹೋಗೋದು ಯಾರನ್ನ?’

ನಾನು ಗೋಡೆಗೊರಗಿದ್ದ ಬೆಡ್‌ಶೀಟ್ ತೋರಿಸಿದೆ.

ಅಪ್ಪ ಬಾಗಿಲು ತೆರೆದವನೇ ಚಿತ್ರದ ಒಂದು ತುದಿ ಹಿಡಿದ. ಟ್ಯಾಕ್ಸಿಯಲ್ಲಿ ಅದು ಹಿಡಿಸಲಿಲ್ಲ. ಮನೆಮಂದಿಯೆಲ್ಲ ಅದನ್ನು ಎಮ್‌ಆರ್‌ಟಿ ರೈಲಿನಲ್ಲಿ ಒಯ್ದೆವು. ಅಪ್ಪನ ಕಿವಿಯ ಹಿಂದೆ ಶೇವಿಂಗ್ ನೊರೆ ಹಾಗೇ ಇತ್ತು. ನಾನು ಹೇಳಲಿಲ್ಲ. ಅಂಥ ಒಳ್ಳೆಯ ದೃಶ್ಯವನ್ನು ಯಾರಾದರೂ ಹಾಳುಮಾಡುತ್ತಾರೆಯೇ?

ಇನ್ನೇನು ಗೋಡೆ ಕೈತಪ್ಪುವುದರಲ್ಲಿತ್ತು, ಅಷ್ಟರಲ್ಲಿ ತಲುಪಿದೆವು. ಬೆಡ್‌ಶೀಟ್ ಸರಿಯಿತು. ಎಣ್ಣೆ ಬಣ್ಣದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಿಟ್ಟು ಮೆತ್ತಿದ ಕೈಗಳು, ಹಸಿರು ಬಳೆ, ಮಣಿಕಟ್ಟಿನ ಸುಟ್ಟ ಕಲೆ, ಎಲ್ಲ ಅಮ್ಮನದೇ. ಮುಖ ಮಾತ್ರ ನಾವು ಎಂದೂ ನೋಡಿರದ ಹೆಂಗಸಿನದು!

‘ಕೈ ನಂದು. ಮುಖ ಯಾರ್ದು?’ ಎಂದು ಅಮ್ಮ ಪಿಸುಗುಟ್ಟಿದಳು. ನಾನದನ್ನು ಇಂಗ್ಲಿಷಿನಲ್ಲಿ ಕೇಳಿದೆ.

‘ನನ್ನ ಆತೆ’ ಎಂದರು ಅಂಕಲ್, ತಮ್ಮ ಮುರುಕು ಇಂಗ್ಲಿಷಿನಲ್ಲಿ. ‘ಊರು ಬಿಟ್ಟು ಬಹಳ ವರ್ಷವಾಯಿತು. ಮುಖ ನೆನಪಿದೆ. ಕೈ ಮರೆತುಹೋಗಿತ್ತು. ನಿಮ್ಮ ಕೈ ನೋಡಿದೆ, ನೆನಪಾಯಿತು.’

ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, ‘ಮೊದ್ಲೇ ಹೇಳಿದ್ರೆ ಒಳ್ಳೇ ಬಳೆ ಹಾಕ್ಕೋತಿದ್ನಲ್ಲ, ತಮ್ಮಾ’ ಎಂದಳು.

ಅಳಿಯನಾಗುತ್ತಾನೆಂದು ಹೆದರಿದ್ದ ಅಪ್ಪನಿಗೆ ಭಾವಮೈದ ಸಿಕ್ಕ, ನಮಗೆ ಮಾಮ. ಮುಂದೆ ಅವರು ಹಡಗಿನ ಕೆಲಸ ಬಿಟ್ಟರು, ಊರೂರುಗಳಲ್ಲಿ ಪ್ರದರ್ಶನ ಮಾಡಿದರು. ಆ ಚಿತ್ರವನ್ನು ಮಾತ್ರ ಯಾರಿಗೂ ಮಾರದೆ ತಮ್ಮ ಅಕ್ಕನಿಗೆ ಒಯ್ದುಕೊಟ್ಟರು. ಅವಳು ನೋಡಿದವಳೇ, ‘ಈ ಬಳೆ ನನ್ನ ಹತ್ತಿರ ಇಲ್ಲವಲ್ಲ!’ ಎಂದು ಜಗಳ ತೆಗೆದಳಂತೆ. ಅಮ್ಮ ಮರುದಿನವೇ ಒಂದು ಜೊತೆ ಹಸಿರು ಬಳೆ ಕಳಿಸಿದಳು.

ಮಕ್ಕಳೇ, ಈಗ ನಿಮ್ಮ ಕಿವಿಯಲ್ಲಿ ಕಡಲೆಕಾಳಿನಷ್ಟು ಯಂತ್ರವಿದೆ. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಅದು ಕನ್ನಡದಲ್ಲಿ ಉಸುರುತ್ತದೆ. ಅಂದು ಅಪ್ಪನ ಕಿವಿಯಲ್ಲಿ ಅದಿದ್ದಿದ್ದರೆ, ‘ಅಕ್ಕಾ, ಚಿತ್ರ ಸಿದ್ಧವೇ?’ ಎಂದು ಕೇಳಿಸುತ್ತಿತ್ತು. ಅಪ್ಪ ‘ಹೂಂ, ಒಯ್ಯಿರಿ’ ಎಂದು ಗಡ್ಡ ಹೆರೆಯಲು ಹೋಗುತ್ತಿದ್ದ. ನಾವ್ಯಾರೂ ಆ ಚಿತ್ರದ ಹಿಂದೆ ಹೋಗುತ್ತಲೇ ಇರಲಿಲ್ಲ.

ಆದರೆ ಒಂದು ವಿದ್ಯೆ ಆ ಯಂತ್ರಕ್ಕೆ ಇನ್ನೂ ಬಂದಿಲ್ಲ, ನಿಮಗೆ ಬಂದಿದೆ. ನಿನ್ನೆ ಬಾಗಿಲ ಹಿಂದೆ ನಿಂತು ನನ್ನ ಕೆಮ್ಮನ್ನು ಅಣಕಿಸುತ್ತಿದ್ದಿರಲ್ಲ, ಕೇಳಿಸಿತು. ಕೆಮ್ಮು ಚೆನ್ನಾಗಿದೆ. ಕೊನೆಯ ‘ಅಯ್ಯಪ್ಪಾ’ ಮಾತ್ರ ಇನ್ನೂ ಸ್ವಲ್ಪ ಉದ್ದ ಎಳೆಯಬೇಕು.